ಬಸ್ ತಪ್ಪಿತಾ ಟೀಚರ್?

— ಟೀಚರ್, ಮೂರನೇ ಅಧ್ಯಾಯ ಟೈಪ್ ಮಾಡಿ ಮುಗೀತು. ಒಂದು ಸಂಶಯ ಉಳಿದಿದೆ. ಆಗುಂಬೆ ಬಂತು, ಹೋಯಿತು, ಸೂರ್ಯಾಸ್ತ ಎಲ್ಲೂ ಇಲ್ಲ. ಹಾಳೆ ಬಿದ್ದುಹೋಯ್ತಾ ಅಂತ ಮೇಜಿನಡಿಯೆಲ್ಲ ಹುಡುಕಿದೆ.

— ಹಾಳೆ ಬೀಳಲಿಲ್ಲ ಮಾರಾಯ. ಸೋಮೇಶ್ವರದಿಂದ ಬೆಳಕು ಹರಿಯುವಾಗಲೇ ಹೊರಟವಳು ನಾನು. 14 ತಿರುವು ಹತ್ತಿ ಮೇಲೆ ಮುಟ್ಟುವಾಗ ಸೂರ್ಯ ನೆತ್ತಿಯ ಮೇಲಿದ್ದ. ಅವನು ಮುಳುಗುವ ತನಕ ಕೂತು ಕಾಯುವ ಪುರುಸೊತ್ತು ಕಾರಲ್ಲಿ ಬಂದವರಿಗೆ. ನನಗೆ ರಾತ್ರಿಗೊಂದು ಜಗಲಿ ಹುಡುಕಬೇಕಿತ್ತು.

— ಆದ್ರೂ ಪ್ರವಾಸ ಕಥನ ಅಂದಮೇಲೆ ಜನ ಹುಡುಕುವುದು ಅದನ್ನೇ ಅಲ್ದಾ?

— ಬೇಕಾದವರಿಗೆ ಮೊಬೈಲಲ್ಲಿ ಸಾವಿರ ಸೂರ್ಯಾಸ್ತ ಸಿಗ್ತದೆ. ಘಾಟಿಯ ತಿರುವಲ್ಲಿ ಜೀಪು ನಿಲ್ಲಿಸಿ ರೇಡಿಯೇಟರಿಗೆ ನೀರು ಹೊಯ್ಯುತ್ತಿದ್ದವನ ಮಾತನ್ನು ಎರಡು ಪುಟ ಬರೆದಿದ್ದೆ. ಅದನ್ನು ಓದಿದ್ಯಾ, ಬರೀ ಕೀ ಒತ್ತಿದ್ಯಾ?

— ಓದಿದೆ. "ಬಸ್ ತಪ್ಪಿತಾ ಟೀಚರ್?" ಅಂತಲೇ ಮಾತು ತೆಗಿತಾನೆ. ನೀವು ಟೀಚರ್ ಅಂತ ಅವನಿಗೆ ಹೇಗೆ ಗೊತ್ತಾಯ್ತೋ!

— ಕೊಡೆ ಹಿಡಿದ ರೀತಿಯಲ್ಲೇ ಗೊತ್ತಾಗ್ತದಂತೆ. ನೋಡು, ನಿವೃತ್ತಿಯಾದ ಮೇಲೆ ನಾನು ಊರೂರು ತಿರುಗಿದ್ದು ಇದೇ ಮೊದಲಲ್ಲ. ಬಸ್ಸಲ್ಲಿ ಕಾಶಿಗೂ ಹೋಗಿ ಬಂದೆ. ಆ ದಾರಿಯಲ್ಲಿ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಟಿಕೆಟ್ ಕೇಳಿದರು, ಆಧಾರ್ ಕೇಳಿದರು, ಅಷ್ಟೇ. ಬಂದು ಬರೆಯಲು ಕೂತರೆ ಒಂದು ಪುಟದ ಮೇಲೆ ಮುಂದೆ ಹೋಗಲಿಲ್ಲ. ನಡೆಯಲು ಶುರುಮಾಡಿದ್ದೇ ತಡ, ಹತ್ತು ಹೆಜ್ಜೆಗೊಬ್ಬರು ಕೇಳುವವರು. ಎಲ್ಲಿಂದ, ಎಲ್ಲಿಗೆ, ಎಂತಕ್ಕೆ, ಮನೆಯಲ್ಲಿ ಯಾರೂ ಇಲ್ಲವಾ, ಮಕ್ಕಳು ನೋಡಿಕೊಳ್ಳುವುದಿಲ್ಲವಾ. ಪ್ರತಿ ತಡಮೆಯ ಹತ್ತಿರ ನಿಂತು ನನ್ನ ಲೆಕ್ಕ ಒಪ್ಪಿಸಬೇಕು. ಒಪ್ಪಿಸಿದ ಮೇಲೆ ಅವರು ತಮ್ಮದನ್ನು ತೆಗೆಯುತ್ತಾರೆ. ಆ ಕೊಡುಕೊಳ್ಳುವಿಕೆಯೇ ನನ್ನ ಪುಸ್ತಕ. ಉಳಿದದ್ದೆಲ್ಲ ಅದಕ್ಕೆ ಹಾಕಿದ ಬೇಲಿ.

— ಹಾಗಾದರೆ ವಯಸ್ಸಿನ ಪ್ರಶ್ನೆಯೇ ಬರುವುದಿಲ್ಲ. ನಾನು ನಡೆದರೂ ಕೇಳ್ತಾರೆ.

— ನಿನ್ನನ್ನು ಕೇಳುವುದಿಲ್ಲ. ಇಪ್ಪತ್ತೆಂಟರ ಹುಡುಗ ಬೆನ್ನಿಗೆ ಚೀಲ ಹಾಕಿ ಹೊರಟರೆ "ಚಾರಣಕ್ಕೆ ಬಂದವ" ಅಂತ ಜನ ತೀರ್ಮಾನ ಮಾಡಿ ಆಗ್ತದೆ. ಕುದುರೆಮುಖಕ್ಕೋ ಕೊಡಚಾದ್ರಿಗೋ ದಾರಿ ತೋರಿಸಿ ಕಳಿಸ್ತಾರೆ. ಅರವತ್ತು ದಾಟಿದ ಹೆಂಗಸು ಒಬ್ಬಳೇ ನಡೆದರೆ ಅವರಿಗೆ ಒಂದು ಕಾರಣ ಬೇಕು. ಹರಕೆ ಅಂತ ಹೇಳಿದರೆ ಕೂಡಲೇ ಒಪ್ಪುತ್ತಾರೆ. "ಹೋಯ್, ಮಂದಾರ್ತಿಗಾ? ಬನ್ನಿ, ಆಸರಿಗೆ ಕುಡಿದು ಹೋಗಿ" ಅಂತ ಬೆಲ್ಲ ನೀರು ಬರ್ತದೆ. ಬರೆಯಲಿಕ್ಕೆ ನಡೀತಾ ಇದ್ದೇನೆ ಅಂದರೆ ಬೆಲ್ಲ ನೀರು ಆಗಲೂ ಬರ್ತದೆ, ಮಾತು ಮಾತ್ರ ನಿಲ್ತದೆ. ಪೇಪರಿನವಳಾ, ಸರ್ವೆಯವಳಾ ಅಂತ ಮುಖ ನೋಡ್ತಾರೆ.

— ಮತ್ತೆ ಎಂತ ಹೇಳ್ತಿದ್ರಿ? ಸುಳ್ಳು ಹರಕೆಯಾ?

— ಸುಳ್ಳು ಹೇಳುವ ಅಗತ್ಯ ಬರಲಿಲ್ಲ. "ಸೀತಾನದಿ ಹುಟ್ಟುವಲ್ಲಿಂದ ಕಡಲಿನ ತನಕ ನೋಡಬೇಕು ಅಂತ ಆಸೆ" ಅಂದೆ. ಅದು ನಿಜವೂ ಹೌದು. ನಮ್ಮ ಕೊಕ್ಕರ್ಣೆಯ ಮಗ್ಗುಲಲ್ಲೇ ಹರಿಯುವ ಹೊಳೆ. ಮೇಲೆ ಆಗುಂಬೆ ಕಡೆಯ ಕಾಡು, ಹೆಬ್ರಿ, ಕೆಳಗೆ ನೀಲಾವರ, ಬಾರಕೂರು, ಆಮೇಲೆ ಹಂಗಾರಕಟ್ಟೆ-ಕೋಡಿ ಬೆಂಗ್ರೆಯ ಅಳಿವೆಯಲ್ಲಿ ಸುವರ್ಣೆಯ ಜೊತೆ ಸೇರಿ ಕಡಲು. ಹೊಳೆ ಅಂದರೆ ಪ್ರತಿಯೊಬ್ಬರಿಗೂ ಒಂದು ತಕರಾರು ಇರ್ತದೆ. ಹೊಯಿಗೆ ತೆಗೆದದ್ದು, ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಲು ತಡವಾದದ್ದು, ಬೇಸಿಗೆಯಲ್ಲಿ ಉಪ್ಪುನೀರು ಮೇಲೆ ಬಂದು ಬಾವಿ ಹಾಳಾದದ್ದು. ನಾನು ಕೇಳಬೇಕಾದ್ದೇ ಇಲ್ಲ.

— ಹೆಬ್ರಿ ಮೇಲಿನ ಕಾಡಂಚಿನಲ್ಲಿ ಜನ ಮಾತಾಡಲಿಲ್ಲ ಅಂತ ಬರೆದಿದ್ದೀರಿ.

— ಅಲ್ಲಿಯದೇ ಬೇರೆ ಕಥೆ. ಇಪ್ಪತ್ತು ವರ್ಷ ಆ ಕಡೆ ನಡೆದು ಬಂದ ಅಪರಿಚಿತ ಅಂದರೆ ಎರಡೇ ಅರ್ಥ ಇತ್ತು. ಒಂದೋ ಕಾಡೊಳಗಿಂದ ಇಳಿದವ, ಇಲ್ಲದಿದ್ದರೆ ಅವನನ್ನು ಹುಡುಕಿಕೊಂಡು ಬಂದವ. ಹೆಬ್ರಿಯಲ್ಲಿ ನಕ್ಸಲ್ ನಿಗ್ರಹ ಪಡೆಯ ಕ್ಯಾಂಪೇ ಇತ್ತಲ್ಲ. 2024ರ ನವೆಂಬರಿನಲ್ಲಿ ಕಬ್ಬಿನಾಲೆಯ ಪೀತಬೈಲಿನಲ್ಲಿ ಗುಂಡಿನ ಸದ್ದಾಯಿತು, ಒಬ್ಬ ಸತ್ತ. ಅಂಥ ಕಡೆ ಅನ್ನ ಹಾಕಿದರೂ ಕಷ್ಟ, ಹಾಕದಿದ್ದರೂ ಕಷ್ಟ ಅಂತ ಬದುಕಿದವರು ನನ್ನ ಬಿಳಿ ಕೂದಲು ನೋಡಿ ಬಾಯಿ ಬಿಡಬೇಕು ಅಂತ ನಾನು ಹಟ ಹಿಡಿಯಲಿಕ್ಕೆ ಆಗ್ತದಾ? ಅವರು ಮಾತಾಡಲಿಲ್ಲ ಅಂತಲೇ ಬರೆದೆ. ಒಂದು ಮನೆಯವರು ನಾಯಿಯನ್ನು ಕಟ್ಟಿಹಾಕಿ, ನೀರಿನ ಚೊಂಬು ಜಗಲಿಯಲ್ಲಿಟ್ಟು ಒಳಗೆ ಹೋದರು. ಆ ಊರಿನ ಬಗ್ಗೆ ಅದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ ಅಂತ ಓದುವವರಿಗೂ ತಿಳಿಯಲಿ.

— ಟೀಚರ್, ಮುನ್ನುಡಿಯಲ್ಲಿ ಇಬ್ನ್ ಬತೂತನನ್ನು ತಂದಿದ್ದೀರಿ. ನಮಗೆ ಎಂಟನೇ ಕ್ಲಾಸಲ್ಲಿ ಅವನು ಒಂದೇ ಸಾಲು: ತುಘಲಕನ ಆಸ್ಥಾನಕ್ಕೆ ಬಂದ ವಿದೇಶಿ ಪ್ರವಾಸಿ. ಕೊಕ್ಕರ್ಣೆಗೂ ಅವನಿಗೂ ಎಂತ ಸಂಬಂಧ?

— ಪಾಠಪುಸ್ತಕದಲ್ಲಿ ಒಂದೇ ಸಾಲು ಇದ್ದದ್ದಕ್ಕೆ ನನ್ನನ್ನು ಬೈಬೇಡ. ಅವನು ನಮ್ಮ ಬಾರಕೂರಿಗೆ ಬಂದವ. ಅವನ ಬರಹದಲ್ಲಿ ಫಾಕನೂರ್ ಅಂತ ಬರುವ ಊರು ಬಾರಕೂರೇ ಅಂತ ವಿದ್ವಾಂಸರು ಗುರುತಿಸಿದ್ದಾರೆ. ಅಲ್ಲಿ ಕಬ್ಬು ಚೆನ್ನಾಗಿ ಬೆಳೀತದೆ ಅಂತ ಬರೆದಿದ್ದಾನೆ. ಅದಕ್ಕಿಂತ ಮುಖ್ಯದ್ದು ದಾರಿಯ ಮಾತು. ಗೋವೆಯ ಕಡೆಯಿಂದ ಕೊಲ್ಲಂ ತನಕ ಕರಾವಳಿಯುದ್ದಕ್ಕೂ ಎರಡು ತಿಂಗಳ ನಡಿಗೆ, ಉದ್ದಕ್ಕೂ ಮರದ ನೆರಳು. ಅರ್ಧ ಮೈಲಿಗೊಂದು ಮರದ ಮನೆ, ಕೂರಲಿಕ್ಕೆ ಬೆಂಚು, ಪಕ್ಕದಲ್ಲಿ ಬಾವಿ, ನೀರು ಕೊಡಲಿಕ್ಕೆ ಒಬ್ಬ ಆಳು. ಆ ನಾಡಿನಲ್ಲಿ ಕುದುರೆ ಹತ್ತುವವ ಅರಸ ಒಬ್ಬನೇ. ಕೆಲವರಿಗೆ ಪಲ್ಲಕ್ಕಿ, ಉಳಿದವರಿಗೆ ಕಾಲು. ಏಳುನೂರು ವರ್ಷ ಹಿಂದಿನ ಮಾತು ಇದು. ಈಗ ಅದೇ ಕರಾವಳಿಯಲ್ಲಿ ಹೆದ್ದಾರಿ 66 ಹಿಡಿದು ನಡೆದು ನೋಡು. ನೆರಳು ಬೇಕಾದರೆ ಫ್ಲೈಓವರಿನ ಅಡಿಗೆ ಹೋಗಬೇಕು.

— ಆ ಬಾವಿಯ ಆಳು ಒಳ್ಳೆ ಏರ್ಪಾಡು.

— ಪೂರ್ತಿ ಕೇಳು. ಆ ಆಳು ಕೆಲವರಿಗೆ ಪಾತ್ರೆಯಲ್ಲಿ ನೀರು ಕೊಡ್ತಿದ್ದ, ಮುಸಲ್ಮಾನನಾದರೆ ಬೊಗಸೆಗೆ ಹೊಯ್ಯುತ್ತಿದ್ದ. ಇಬ್ನ್ ಬತೂತ ಅದನ್ನೂ ಬರೆದಿಟ್ಟಿದ್ದಾನೆ, ಬೊಗಸೆ ಒಡ್ಡಿದವನಲ್ಲವಾ. ನನಗೆ ಅದು ಯಾಕೆ ತಾಗಿತು ಅಂದರೆ, ನನ್ನ ದಾರಿಯಲ್ಲೂ ಮೊದಲ ಐದು ಪ್ರಶ್ನೆ ಮುಗಿದ ಮೇಲೆ ಆರನೆಯದು ಬಂದೇ ಬರ್ತಿತ್ತು: "ನಿಮ್ದು ಎಲ್ಲಾಯ್ತು?" ಊರು ಹೇಳಿದರೆ ಸಾಲದು. ಮನೆತನ ಹೇಳಬೇಕು, ಯಾರ ಪೈಕಿ ಅಂತ ಹೇಳಬೇಕು. ಹೇಳಿದ ಮೇಲೆ ಲೋಟವೋ, ಚೊಂಬೋ, ಒಳಗೆ ಕರೆಯುವುದೋ, ಜಗಲಿಯೋ ಅಂತ ಒಂದು ನಿರ್ಧಾರ ಆಗ್ತಿತ್ತು. ಈಗ ಯಾರೂ ಕೈಗೆ ಹೊಯ್ಯುವುದಿಲ್ಲ ನಿಜ. ಆದರೆ ಉತ್ತರ ಹೇಳಿ ಮುಗಿಸುವ ಮತ್ತು ನೀರು ಬರುವ ನಡುವೆ ಒಂದು ಕ್ಷಣ ಇರ್ತದಲ್ಲ, ಬಸ್ಸಲ್ಲಿ ಕೂತವನಿಗೆ ಅದು ಸಿಕ್ಕುವುದೇ ಇಲ್ಲ. ನನಗೆ ಎಲ್ಲ ಕಡೆ ಲೋಟವೇ ಸಿಕ್ಕಿತು. ಯಾಕೆ ಸಿಕ್ಕಿತು ಅಂತಲೂ ಗೊತ್ತು. ನನ್ನ ಜಾಗದಲ್ಲಿ ಬೇರೊಬ್ಬಳು ಇದೇ ಹೊಳೆ ಹಿಡಿದು ನಡೆದರೆ ಬೇರೆಯೇ ಪುಸ್ತಕ ಆಗ್ತದೆ. ಅದನ್ನು ಅವಳೇ ಬರೆಯಬೇಕು.

— ಇದನ್ನು ಅಧ್ಯಾಯದಲ್ಲಿ ಹಾಕಿಲ್ಲ ನೀವು.

— ಹಾಕಿದ್ದೇನೆ, ನೀಲಾವರದ ಭಾಗ ನಿನಗೆ ಇನ್ನೂ ಕೊಡಲಿಲ್ಲ. ಇಬ್ನ್ ಬತೂತನ ಇನ್ನೊಂದು ಸಂಗತಿ ಕೇಳು, ಇದು ನಿನ್ನ ಕಸುಬಿನದು. 1325ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ ಮೊರಾಕ್ಕೊದ ಟ್ಯಾಂಜಿಯರಿನಿಂದ ಹೊರಟವ. ತಿರುಗಾಟ ಮುಗಿಸಿ ಕೂತದ್ದು ಐವತ್ತು ಆಗುವಾಗ. ಬರೆದವ ಅವನಲ್ಲ. ಫೆಜ್ ಪಟ್ಟಣದಲ್ಲಿ ಸುಲ್ತಾನನ ಅಪ್ಪಣೆ ಪ್ರಕಾರ ಇಬ್ನ್ ಜುಝಯ್ ಎಂಬ ಪಂಡಿತ ಎದುರು ಕೂತ, ಇವನು ಹೇಳಿದ, ಅವನು ಬರೆದ. 1355ರ ಹೊತ್ತಿಗೆ ಪುಸ್ತಕ ಮುಗಿಯಿತು.

— ಡಿಟಿಪಿ ಅಂಗಡಿಯವ ಆಗಲೇ ಇದ್ದ ಹಾಗಾಯ್ತು!

— ಇದ್ದ, ನಡುನಡುವೆ ತನ್ನ ಪದ್ಯವನ್ನೂ ಸೇರಿಸ್ತಿದ್ದ. ನೀನು ಹಾಗೆ ಮಾಡಬೇಡ. ಇಪ್ಪತ್ತೈದು ಮೂವತ್ತು ವರ್ಷದ ಹಿಂದಿನದು ಅವನಿಗೆ ಹೇಗೆ ನೆನಪಿತ್ತು ಅಂತ ಕೇಳು. ಟಿಪ್ಪಣಿ ಬರೆದಿಟ್ಟುಕೊಂಡಿದ್ದರೂ ಉಳಿಯುವ ಹಾಗಿರಲಿಲ್ಲ. ಹೊನ್ನಾವರಕ್ಕೂ ಬಾರಕೂರಿಗೂ ನಡುವೆ, ಒಂದು ಸಣ್ಣ ದ್ವೀಪದ ಹತ್ತಿರ, ಹನ್ನೆರಡು ಹಡಗಿನಲ್ಲಿ ಬಂದ ಕಡಲುಗಳ್ಳರು ಅವನನ್ನು ಸುಲಿದು ಬಿಟ್ಟರು. ಮುತ್ತು, ರತ್ನ, ಬಟ್ಟೆ ಎಲ್ಲ ಹೋಗಿ ಮೈಮೇಲೆ ಒಂದು ಇಜಾರ ಉಳಿಯಿತಂತೆ. ನಕಾಶೆ ತೆಗೆದು ನೋಡಿದರೆ ನಮ್ಮ ಬೈಂದೂರು, ಕುಂದಾಪುರದ ಎದುರಿನ ಕಡಲೂ ಆ ನಡುವೆಯೇ ಬರ್ತದೆ.

— ಅಂದ್ರೆ ಪ್ರವಾಸ ಕಥನದ ದೊಡ್ಡ ದರೋಡೆ ನಮ್ಮ ಕರಾವಳಿಯಲ್ಲೇ!

— ಹೆಮ್ಮೆ ಪಡುವ ವಿಷಯವಾ ಅದು? ಆದರೂ ನಂಗೆ ಅವನ ಮೇಲೆ ಪ್ರೀತಿ ಬಂದದ್ದು ಅಲ್ಲಿ. ವಸ್ತು ಹೋಯಿತು, ಕಬ್ಬು, ಬಾವಿ, ಬೊಗಸೆ ಉಳಿಯಿತು.

— ಆದರೆ ಟೀಚರ್, ಅವನು ಹರೆಯದಲ್ಲಿ ನಡೆದು ಮುಪ್ಪಿನಲ್ಲಿ ಬರೆಸಿದವ. ನಿಮ್ಮದು ಹಾಗಲ್ಲ. ನಡೆದದ್ದೂ ಈಗ, ಬರೆದದ್ದೂ ಈಗ.

— ಸರಿಯಾಗಿ ಹಿಡಿದೆ. ಎರಡು ಜಾತಿ ಉಂಟು. ಮೊದಲನೆಯದಕ್ಕೆ ಇನ್ನೊಬ್ಬನನ್ನು ಹೇಳ್ತೇನೆ. ವಿಷ್ಣುಭಟ್ಟ ಗೋಡಸೆ ಅಂತ, ಕೊಂಕಣದ ವರಸಾಯಿಯ ವೈದಿಕ. ಮನೆಯಲ್ಲಿ ಸಾಲ. ಉತ್ತರದಲ್ಲಿ ಶಿಂದೆ ಮನೆತನದ ಬಾಯಜಾಬಾಯಿ ಮಥುರೆಯಲ್ಲಿ ದೊಡ್ಡ ಯಜ್ಞ ಮಾಡಿಸ್ತಾಳೆ, ದಕ್ಷಿಣೆ ಸಿಗ್ತದೆ ಅಂತ ಕೇಳಿ ನಡೆದು ಹೊರಟ. ಹೊರಟದ್ದು 1857ರಲ್ಲಿ. ದಂಗೆಯ ನಡುವೆ ಹೋಗಿ ಬಿದ್ದ. ಝಾನ್ಸಿಯ ಕೋಟೆಗೆ ಇಂಗ್ಲಿಷರು ಮುತ್ತಿಗೆ ಹಾಕಿದಾಗ ಊರೊಳಗೇ ಇದ್ದ. ಗಳಿಸಿದ್ದನ್ನೆಲ್ಲ ಕಳಕೊಂಡು ಗಂಗೆಯ ನೀರು ಹೊತ್ತು ಮನೆಗೆ ಬಂದ. ಬರೆದದ್ದು 1883ರಲ್ಲಿ, ಅಚ್ಚಾದದ್ದು 1907ರಲ್ಲಿ. 'ಮಾಝಾ ಪ್ರವಾಸ' ಅಂತ ಮರಾಠಿಯಲ್ಲಿ ಈಗಲೂ ಓದ್ತಾರೆ. ಅವನಿಗೆ ಬರೆಯುವ ಉದ್ದೇಶವೇ ಇರಲಿಲ್ಲ. ಸಾಲ ತೀರಿಸಲು ಹೋದವ.

— ಮತ್ತೆ ಎರಡನೆಯ ಜಾತಿ?

— ಬೆರ್ನಾರ್ ಒಲಿವಿಯೆ ಅಂತ ಫ್ರಾನ್ಸಿನವ. ಪತ್ರಕರ್ತನಾಗಿ ನಿವೃತ್ತ, ಹೆಂಡತಿ ತೀರಿಹೋಗಿದ್ದಳು, ಮಕ್ಕಳು ದೊಡ್ಡವರಾಗಿದ್ದರು. 1998ರಲ್ಲಿ ಸ್ಪೇನಿನ ಸಾಂತಿಯಾಗೊ ಯಾತ್ರೆಗೆ ನಡೆದ. ಕಾಲು ನಿಲ್ಲಲಿಲ್ಲ. 1999ರಲ್ಲಿ, ಅರವತ್ತೊಂದರ ಹೊತ್ತಿಗೆ, ಇಸ್ತಾಂಬುಲಿನಿಂದ ರೇಷ್ಮೆ ಹಾದಿ ಹಿಡಿದ. ಚೀನಾದ ಷಿಆನ್ ಮುಟ್ಟುವಾಗ 2002. ಸುಮಾರು 12,000 ಕಿಲೋಮೀಟರ್. ಟರ್ಕಿಯ ಪೂರ್ವದ ಅಂಚಿನಲ್ಲಿ ಆಮಶಂಕೆಯಾಗಿ ನೆಲ ಹಿಡಿದ, ಊರಿಗೆ ಸಾಗಿಸಬೇಕಾಯಿತು. ಮಾರನೆಯ ವರ್ಷ ಎಲ್ಲಿ ಬಿದ್ದಿದ್ದನೋ ಆ ಕಡೆಗೇ ಮರಳಿ ಬಂದು ನಡಿಗೆ ಮುಂದುವರಿಸಿದ. ಮೂರು ಸಂಪುಟ ಬರೆದ. ಜೈಲಿಗೆ ಹೋಗಬೇಕಾದ ಹುಡುಗರನ್ನು ಜೈಲಿನ ಬದಲು ಪರದೇಶದಲ್ಲಿ ನೂರಾರು ಮೈಲಿ ನಡೆಸಿಕೊಂಡು ಬರುವ ಸಂಸ್ಥೆಯನ್ನೂ ಕಟ್ಟಿದ.

— ನೀವೂ ಹಾಗೆ ಮಾಡ್ತೀರಾ?

— ನಿನ್ನ ಬ್ಯಾಚನ್ನು ಹನ್ನೆರಡು ಕಿಲೋಮೀಟರ್ ನಡೆಸಿದ್ದರೂ ಸಾಕಿತ್ತು ನನಗೆ. ನಮ್ಮಲ್ಲಿ ನಡೆಯದೆಯೂ ಮುಪ್ಪಿನಲ್ಲಿ ಪ್ರವಾಸ ಬರೆದು ಗೆದ್ದವರಿದ್ದಾರೆ. ಗೊರೂರರು ಎಪ್ಪತ್ತು ದಾಟಿದ ಮೇಲೆ 'ಅಮೆರಿಕಾದಲ್ಲಿ ಗೊರೂರು' ಬರೆದರು, 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಎಪ್ಪತ್ತು ವರ್ಷ ಹೇಮಾವತಿ ದಂಡೆಯನ್ನು ನೋಡಿದ ಕಣ್ಣಿಗೆ ಅಮೆರಿಕದಲ್ಲಿ ಕಂಡದ್ದೇ ಬೇರೆ. ಇಪ್ಪತ್ತರಲ್ಲಿ ಹೋಗಿದ್ದರೆ ಬಾಯಿ ಬಿಟ್ಟುಕೊಂಡು ನೋಡಿ ಬರ್ತಿದ್ದರು, ಅಷ್ಟೇ. ಕೋಟದ ಕಾರಂತರ ಮಾತು ಬಿಡು, ಅವರು ಯಾವ ವಯಸ್ಸಿನಲ್ಲಿ ಯಾವುದನ್ನು ಮಾಡಲಿಲ್ಲ ಅಂತ ಕೇಳಬೇಕು. ಅದಕ್ಕೂ ಹಿಂದೆ ಹೋದರೆ ಕುಂದಾಪುರದ ಹತ್ತಿರ ಹೂವಿನಕೆರೆಯಲ್ಲಿ ಹುಟ್ಟಿದ ವಾದಿರಾಜರು. ಸಂಸ್ಕೃತದಲ್ಲಿ 'ತೀರ್ಥಪ್ರಬಂಧ' ಬರೆದರು, ದೇಶದ ನಾಲ್ಕೂ ದಿಕ್ಕಿನ ಕ್ಷೇತ್ರಗಳ ಮೇಲೆ. ಶುರು ಮಾಡುವುದು ಪಶ್ಚಿಮದಿಂದ, ಅಂದರೆ ತಮ್ಮ ಊರ ಕಡೆಯಿಂದಲೇ. ನಾನೂ ಕೊಕ್ಕರ್ಣೆಯಿಂದ ಶುರು ಮಾಡಿದ್ದಕ್ಕೆ ಅಷ್ಟು ದೊಡ್ಡವರ ಆಧಾರ ಉಂಟು ಅಂತಾಯ್ತಲ್ಲ.

— ಹೆಂಗಸರು ಯಾರೂ ಇಲ್ವಾ ಟೀಚರ್ ನಿಮ್ಮ ಪಟ್ಟಿಯಲ್ಲಿ?

— ಉಡುತಡಿಯಿಂದ ಕಲ್ಯಾಣ, ಕಲ್ಯಾಣದಿಂದ ಶ್ರೀಶೈಲ. ಅಕ್ಕನಿಗಿಂತ ದೊಡ್ಡ ನಡಿಗೆ ಕನ್ನಡದಲ್ಲಿ ಯಾರದ್ದು? ಅವಳು ಪ್ರವಾಸ ಕಥನ ಬರೆಯಲಿಲ್ಲ, ಬರೆಯುವ ಅಗತ್ಯವೂ ಅವಳಿಗಿರಲಿಲ್ಲ. ಈಗಲೂ ಯುಗಾದಿಯ ಹೊತ್ತಿಗೆ ಬೆಳಗಾವಿ, ಬಾಗಲಕೋಟೆ ಕಡೆಯಿಂದ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೀತಾರಲ್ಲ, ಗುಂಪಿನಲ್ಲಿ ನನ್ನ ವಯಸ್ಸಿನ ಹೆಂಗಸರೂ ಇರ್ತಾರೆ. ದಾರಿಯುದ್ದಕ್ಕೂ ಊರಿನವರು ರೊಟ್ಟಿ ಕೊಡ್ತಾರೆ, ಕಾಲಿಗೆ ಎಣ್ಣೆ ತಿಕ್ಕುತ್ತಾರೆ. ಗುಂಪು ಇದ್ದರೆ, ದೇವರ ಹೆಸರಿದ್ದರೆ ಹೆಂಗಸು ಎಷ್ಟು ದೂರವೂ ನಡೆಯಬಹುದು. ಒಬ್ಬಳೇ, ಕಾರಣವಿಲ್ಲದೆ ನಡೆದರೆ ಮಾತ್ರ ಜನ ಕಂಗಾಲಾಗ್ತಾರೆ. ನನ್ನ ಮಗಳೇ ಮೊದಲು ಕೇಳಿದ್ದು ಡಾಕ್ಟರಿಗೆ ತೋರಿಸಿದ್ಯಾ ಅಂತ.

— ರಾತ್ರಿ ಎಂತ ಮಾಡ್ತಿದ್ರಿ? ಪುಸ್ತಕದಲ್ಲಿ ಅದನ್ನು ಹಾರಿಸಿದ್ದೀರಿ.

— ಹಾರಿಸಲಿಲ್ಲ, ಚಿಕ್ಕದು ಮಾಡಿದೆ. ಮಾಸ್ತರಿಕೆಯ ಲಾಭ ಅದು. ಈ ಸುತ್ತಿನಲ್ಲಿ ಎಲ್ಲಿ ಹೋದರೂ ಒಂದಲ್ಲ ಒಂದು ಮನೆಯಲ್ಲಿ ನನ್ನ ಕೈಯಲ್ಲಿ ಮಗ್ಗಿ ಕಲಿತವರಿದ್ದಾರೆ. ಘಟ್ಟದ ಮೇಲೆ ಆ ಸೌಲಭ್ಯ ಇಲ್ಲ. ಅಲ್ಲಿ ದೇವಸ್ಥಾನದ ಜಗಲಿ, ಊಟದ ಹೊತ್ತಿಗೆ ಮುಟ್ಟಿದರೆ ಊಟ. ಬಯಲಿಗೆ ಹೋಗುವ ತಾಪತ್ರಯದ ಬಗ್ಗೆ ಗಂಡಸರು ಬರೆದ ಯಾವ ನಡಿಗೆಯ ಪುಸ್ತಕದಲ್ಲೂ ನಾನು ಓದಲಿಲ್ಲ. ಅವರಿಗೆ ಅದು ತಾಪತ್ರಯವೇ ಅಲ್ಲ. ನನ್ನ ದಿನದ ದೂರ ಎಷ್ಟು ಅಂತ ಹೇಳುವುದು ಮಂಡಿಯಲ್ಲ, ಅದೇ ತಾಪತ್ರಯ. ಮಧ್ಯಾಹ್ನದ ಮೇಲೆ ನೀರು ಕಡಿಮೆ ಕುಡಿಯುವ ಹೆಂಗಸರು ದಾರಿಯುದ್ದಕ್ಕೂ ಇದ್ದಾರೆ: ಗೇರುಬೀಜದ ಕಾರ್ಖಾನೆಗೆ ಹೋಗುವವರು, ಮೀನು ಮಾರುವವರು. ಆ ಅಧ್ಯಾಯದಲ್ಲಿ ಒಂದಕ್ಷರ ಬದಲಿಸಬೇಡ.

— ಬದಲಿಸುವುದಿಲ್ಲ. ನನ್ನ ಇನ್ನೊಂದು ಸಂಶಯ ಬೇರೆ. ನಡೆಯುವಾಗ ಬರೀತಿದ್ರಾ, ಬಂದ ಮೇಲಾ?

— ನಡೆಯುವುದು ದೀಪಾವಳಿ ಕಳೆದ ಮೇಲೆ, ಬರೆಯುವುದು ಆಸಾಡಿಯಲ್ಲಿ. ಜೂನ್ ಮೇಲೆ ಈ ಕಡೆ ಕಾಲುಸಂಕ ದಾಟುವುದೇ ಜೀವದಾಸೆ ಬಿಟ್ಟ ಕೆಲಸ. ಮನೆಯಲ್ಲಿ ಕೂರಲೇಬೇಕು, ಕರೆಂಟೂ ಇರುವುದಿಲ್ಲ. ದಾರಿಯಲ್ಲಿ ರಾತ್ರಿ ಮಲಗುವ ಮೊದಲು ಅಂದಿನ ಮಾತುಗಳನ್ನು ಬರೆದಿಡ್ತಿದ್ದೆ. ನೋಟವನ್ನಲ್ಲ, ಮಾತನ್ನು. ಗುಡ್ಡ ಅಲ್ಲೇ ಇರ್ತದೆ, ಇನ್ನೊಮ್ಮೆ ಹೋಗಿ ನೋಡಬಹುದು. ಜೀಪಿನವ ಹೇಳಿದ ವಾಕ್ಯ ಬೆಳಿಗ್ಗೆಗೆ ನನ್ನ ವಾಕ್ಯವಾಗಿರ್ತದೆ, ಟೀಚರ್ ವಾಕ್ಯ. ಅದು ಆಗಬಾರದು.

— ಅವರ ಎದುರಿಗೇ ಬರೆದುಕೊಂಡರೆ?

— ಪುಸ್ತಕ ಪೆನ್ನು ತೆಗೆದರೆ ಸರ್ವೆಯವಳಾದೆ. ಬುಕಾನನ್ ಅಂತ ಒಬ್ಬ ಡಾಕ್ಟರ್ 1801ರಲ್ಲಿ ಈ ಕರಾವಳಿಯಲ್ಲಿ ಹಾದುಹೋದ. ಟಿಪ್ಪು ಬಿದ್ದು ಎರಡು ವರ್ಷ ಆಗಿತ್ತಷ್ಟೆ. ಕೈಗೆ ಸಿಕ್ಕಿದ ರಾಜ್ಯದಲ್ಲಿ ಏನೇನಿದೆ ನೋಡಿ ಬಾ ಅಂತ ಗವರ್ನರ್ ಜನರಲ್ ವೆಲ್ಲೆಸ್ಲಿ ಕಳಿಸಿದ್ದ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟ ಅಚ್ಚಾಯಿತು. ಗದ್ದೆ, ತೆರಿಗೆ, ಜಾತಿ, ಬೆಲೆ, ಎಲ್ಲ ಉಂಟು. ನನ್ನಂಥವರು ಈಗಲೂ ತೆಗೆದು ನೋಡಬೇಕಾದ ಗ್ರಂಥ. ಆದರೆ ಓದುವಾಗೆಲ್ಲ ಅನಿಸ್ತದೆ: ತೆರಿಗೆ ಏರಿಸುವ ಸರಕಾರದ ಆಳು ಎದುರು ನಿಂತಾಗ ನನ್ನ ಅಜ್ಜನ ಅಜ್ಜ ಬೆಳೆ ಎಷ್ಟು ಅಂತ ಸರಿ ಹೇಳಿರ್ತಾನಾ? ನಾನಂತೂ ಹೇಳ್ತಿರಲಿಲ್ಲ. ಅವನಿಗೆ ಎಲ್ಲದಕ್ಕೂ ಉತ್ತರ ಸಿಕ್ಕಿತು, ಅವನನ್ನು ಯಾರಾದರೂ ತಿರುಗಿ ಕೇಳಿದರಾ ಅಂತ ಮಾತ್ರ ಕಾಣಿಸುವುದಿಲ್ಲ.

— ಅಂದರೆ ಒಳ್ಳೆ ಪ್ರವಾಸಿ ಅಂದ್ರೆ ಉತ್ತರ ಹೇಳುವವನು.

— ಅಷ್ಟು ಚಂದ ಮಾಡಿ ಹೇಳಬೇಡ, ಹಿಂಬದಿ ರಟ್ಟಿಗೆ ಹಾಕಿಬಿಡ್ತೀಯ. ನಡಿಗೆಯನ್ನು ದೊಡ್ಡದು ಮಾಡಿ ಹೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ನಡೆದರೆ ಮನಸ್ಸು ಶುದ್ಧವಾಗ್ತದೆ, ತನ್ನನ್ನು ತಾನು ಕಂಡುಕೊಳ್ಳಬಹುದು ಅಂತೆಲ್ಲ. ನನಗೆ ನಡೆದಾಗ ಕಾಲು ನೋವಾಯಿತು, ಹಸಿವಾಯಿತು. ನನ್ನ ತಲೆಯಲ್ಲಿ ಓಡಿದ್ದು ಮುಂದಿನ ಗೂಡಂಗಡಿ ಎಷ್ಟು ದೂರ ಅಂತ. ಈ ಊರಿನಲ್ಲಿ ನಡೆಯುವುದನ್ನೇ ಹೊಟ್ಟೆಪಾಡು ಮಾಡಿಕೊಂಡವರಿದ್ದರು. ಅವರ ಮುಂದೆ ನನ್ನದೆಲ್ಲ ಮಕ್ಕಳಾಟ.

— ಯಾರು, ಯಕ್ಷಗಾನ ಮೇಳದವರಾ?

— ಮತ್ತೆ? ಮಂದಾರ್ತಿ ಮೇಳದ ತಿರುಗಾಟ ಅಂದರೆ ಲಾರಿ ಬರುವ ಮೊದಲು ಎಂತ ಅಂತ ನಿಮಗೆ ಕಲ್ಪನೆ ಬರುವುದಿಲ್ಲ. ರಾತ್ರಿ ಇಡೀ ಆಟ. ಬೆಳಗಿನ ಜಾವ ಬಣ್ಣ ತೆಗೆದು, ಗಂಜಿಯೋ ಅವಲಕ್ಕಿಯೋ ತಿಂದು ಮುಂದಿನ ಊರಿಗೆ ನಡೆಯುವುದು. ಗದ್ದೆಯಂಚು, ಹಾಡಿ, ಸಂಕ, ದೋಣಿ. ವೇಷದ ಪೆಟ್ಟಿಗೆ ಆಳುಗಳ ತಲೆಯ ಮೇಲೆ. ಮಧ್ಯಾಹ್ನ ಮುಟ್ಟಿ, ಊಟ ಮಾಡಿ, ಸಂಜೆ ತನಕ ಒಂದು ನಿದ್ದೆ, ಮತ್ತೆ ಚೌಕಿ. ಹರಕೆ ಆಟ ಘಟ್ಟದ ಮೇಲೂ ಇರ್ತಿತ್ತಲ್ಲ, ತೀರ್ಥಹಳ್ಳಿ, ಕೊಪ್ಪದ ಕಡೆ ಮಂದಾರ್ತಿ ದೇವಿಗೆ ನಡೆದುಕೊಳ್ಳುವವರು ಎಷ್ಟು ಮಂದಿ! ಮಳೆಗಾಲ ಕಳೆದ ಮೇಲೆ ಗೆಜ್ಜೆ ಕಟ್ಟಿದರೆ ಮತ್ತೆ ಮಳೆ ಹಿಡಿಯುವ ತನಕ ಇದೇ. ಹಾರಾಡಿ ರಾಮ ಗಾಣಿಗರಂಥವರು ರಾತ್ರಿ ಅರಸರಾಗಿ ಕೂತವರು ಹಗಲು ಧೂಳಲ್ಲಿ ನಡೆದವರೇ. ವೇಷದ ಬಗ್ಗೆ, ಕುಣಿತದ ಬಗ್ಗೆ ಕಾರಂತರಿಂದ ಹಿಡಿದು ಎಷ್ಟೋ ಮಂದಿ ಬರೆದರು. ಆ ನಡಿಗೆಯ ಬಗ್ಗೆ ಹತ್ತು ಪುಟ ಒಟ್ಟಿಗೆ ಎಲ್ಲಾದರೂ ಉಂಟಾ ಅಂತ ನಾನು ಹುಡುಕ್ತಾ ಇದ್ದೇನೆ. ಯಾವ ಊರಿಂದ ಯಾವ ಊರಿಗೆ ಯಾವ ಒಳದಾರಿ, ಹೊಳೆ ಎಲ್ಲಿ ದಾಟಿದರು, ಯಾರ ಮನೆಯ ಮಾವಿನ ಮರದಡಿ ಕೂತರು, ದಾರಿಯಲ್ಲಿ ಜಗಳ ಆಯಿತಾ, ಯಾರಾದರೂ ನಡೆದೇ ಸತ್ತರಾ.

— ಟೀಚರ್... ನಮ್ಮ ಅಜ್ಜ ಮೇಳದ ಪೆಟ್ಟಿಗೆ ಹೊತ್ತವರು.

— ಯಾವ ಅಜ್ಜ?

— ಅಮ್ಮನ ಅಪ್ಪ. ಸೂರಾಲಿನವರು, ಅರಮನೆಯ ಆಚೆ ಮನೆ. ಮದುವೆಗೆ ಮೊದಲು ಹೊತ್ತದ್ದಂತೆ. ನೆತ್ತಿಯ ಮೇಲೆ ಒಂದು ಕಡೆ ಕೂದಲೇ ಇಲ್ಲ ಅವರಿಗೆ. ಚಿಕ್ಕವರಿರುವಾಗ ನಾವು ಮುಟ್ಟಿ ನಗ್ತಿದ್ದೆವು.

— ಇದ್ದಾರಾ ಈಗ?

— ಇದ್ದಾರೆ. ತೊಂಬತ್ತರ ಹತ್ತಿರ. ಕಣ್ಣು ಮಂದ, ಕಿವಿ ಚೆನ್ನಾಗಿದೆ.

— ಇಷ್ಟು ದಿನ ನನ್ನ ಪುಸ್ತಕ ಟೈಪ್ ಮಾಡಿದ್ಯಲ್ಲ, ಒಮ್ಮೆಯೂ ಬಾಯಿ ಬಿಡಲಿಲ್ಲವಾ!

— ನೀವು ಕೇಳಲಿಲ್ಲ. ಮತ್ತೆ ಅವರು ಹೇಳುವುದೂ ಒಂದೇ ಮಾತು, "ಅದೆಲ್ಲ ಎಂತ ಹೇಳುದ್ ಮಗಾ, ಹೊತ್ಕಂಡ್ ಹೋದ್ದ್, ಇಳ್ಸದ್ದ್".

— ಹಾಗೆ ಹೇಳಿದ ಮೇಲೆ ನೀನು ಎಂತ ಕೇಳ್ತಿ?

— ಎಂತ ಕೇಳುವುದು? ಸುಮ್ಮನಾಗ್ತೇನೆ.

— ದಾರಿ ಕೇಳು. ಪೆಟ್ಟಿಗೆಯ ಕಥೆ ಕೇಳಬೇಡ, ಆಟದ ಕಥೆ ಮೊದಲೇ ಕೇಳಬೇಡ. ಮಂದಾರ್ತಿಯಿಂದ ಹೆಬ್ರಿಗೆ ಆಗ ಹೇಗೆ ಹೋಗ್ತಿದ್ರಿ ಅಂತ ಕೇಳು. ಬಾಯಿ ಮುಚ್ಚಿದ ಮುದುಕರೂ ದಾರಿ ಕೇಳಿದರೆ ಎದ್ದು ಕೂರ್ತಾರೆ. ಹೇಳದೆ ಇರಲಿಕ್ಕೆ ಆಗುವುದಿಲ್ಲ ಅವರಿಗೆ. "ಬಲಕ್ಕೆ ಒಂದು ಬಸರಿ ಮರ ಇತ್ತು" ಅಂತ ಶುರು ಮಾಡ್ತಾರೆ, ಆ ಮರದಡಿ ಏನಾಯ್ತು ಅಂತ ತಾನಾಗಿ ಬರ್ತದೆ.

— ನೀವೇ ಬನ್ನಿ ಟೀಚರ್. ನಾನು ಕೇಳಿದರೆ ಅವರಿಗೆ ತಮಾಷೆ.

— ಬರ್ತೇನೆ, ಆದರೆ ಬರೆಯುವವ ನೀನು. ಮೊಬೈಲಲ್ಲಿ ರೆಕಾರ್ಡ್ ಮಾಡು, ಎದುರಿಗೆ ಹಿಡಿಯಬೇಡ, ಪಕ್ಕದಲ್ಲಿಡು. ಕುಂದಗನ್ನಡವನ್ನು ಪೇಟೆ ಕನ್ನಡ ಮಾಡಿದರೆ ನನ್ನ ಪುಸ್ತಕವನ್ನು ಬೇರೆ ಕಡೆ ಟೈಪಿಗೆ ಕೊಡ್ತೇನೆ.

— ನಾಳೆ ಆದಿತ್ಯವಾರ, ಅಂಗಡಿ ಇಲ್ಲ. ಬೆಳಿಗ್ಗೆ ಸ್ಕೂಟರ್ ತರ್ತೇನೆ, ಹಿಂದೆ ಕೂತುಕೊಳ್ಳಿ.

— ನೀನು ಸ್ಕೂಟರಲ್ಲಿ ಮುಂದೆ ಹೋಗು. ಅವರಿಗೆ ಹೇಳಿಟ್ಟಿರು, ಒಬ್ಬ ಟೀಚರ್ ನಡೆದುಕೊಂಡು ಬರ್ತಿದ್ದಾರೆ ಅಂತ.

— ಎಂತಕ್ಕೆ ನಡೆದು ಬರುವುದು ಅಂತ ಕೇಳ್ತಾರೆ.

— ಕೇಳಲಿ. ಊಟಕ್ಕೆ ಏನೂ ಮಾಡಬೇಡಿ ಅಂತ ಅಮ್ಮನಿಗೆ ಹೇಳು, ಮಜ್ಜಿಗೆ ಇದ್ದರೆ ಸಾಕು. ಮತ್ತೆ ಅಜ್ಜ ಎಷ್ಟು ಗಂಟೆಗೆ ಮಲಗ್ತಾರೆ?

— ಹನ್ನೊಂದಕ್ಕೆ ಗಂಜಿ ಉಂಡು ಒರಗ್ತಾರೆ. ಒಂಬತ್ತರ ಒಳಗೆ ಮುಟ್ಟಬೇಕು ನೀವು.